ಯಾವುದನ್ನು ಉಳಿಸೋಣ, ಯಾವುದನ್ನು ಬಿಡೋಣ?

(ಅಡ್ಡಗದ್ದೆಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳು ಮತ್ತು ಯುವಕ ಯುವತಿಯರ ಕೂಟದಲ್ಲಿ ಆಡಿದ ಮಾತುಗಳು)



ನಮ್ಮ ಸಂಸ್ಕೃತಿ ಉಳೀಬೇಕು ಅಂತ ಈಗ ಎಲ್ಲರೂ ಹೇಳ್ತಾರೆ. ಉತ್ಸವ ಬಂದರೆ ಮೆರವಣಿಗೆ ಮುಂದೆ ನಮ್ಮವರ ವಾದ್ಯ ಬೇಕು, ನಮ್ಮವರ ಕುಣಿತ ಬೇಕು. ಮೆರವಣಿಗೆ ಮುಗಿದು ಊಟಕ್ಕೆ ಎಲೆ ಹಾಕುವ ಹೊತ್ತಿಗೆ ನಮ್ಮವರು ಎಲ್ಲಿ ನಿಂತಿದ್ದಾರೆ ಅಂತ ಕೇಳುವವರು ಕಡಿಮೆ. ಅದಕ್ಕೇ ನಾವು ಮೊದಲು ಎರಡು ಪ್ರಶ್ನೆ ಹಾಕಬೇಕು. ಉಳಿಸೋದು ಯಾವುದನ್ನು? ಉಳಿಸೋದು ಯಾರಿಗಾಗಿ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಈ ಮಲೆಗಳಲ್ಲಿ ನಾವು ಹೊಲೆಯರು, ಮಾದಿಗರು, ಹಸಲರು, ಗೌಡಲು, ಮಲೆಕುಡಿಯರು. ಅಡಿಕೆ ತೋಟಕ್ಕೆ ಮಣ್ಣು ಹೊತ್ತವರು, ಮಳೆಗಾಲಕ್ಕೆ ಮುಂಚೆ ಮರ ಹತ್ತಿ ಗೊನೆಗೆ ಕೊಟ್ಟೆ ಕಟ್ಟಿದವರು, ಗೊರಬು ಹಾಕಿಕೊಂಡು ಕೆಸರಲ್ಲಿ ಸಸಿ ನೆಟ್ಟವರು ನಮ್ಮ ಅಜ್ಜ ಅಜ್ಜಿಯರು. 1974ರ ಭೂಸುಧಾರಣೆ ಗೇಣಿದಾರನಿಗೆ ಭೂಮಿ ಕೊಟ್ಟಿತು. ಒಡೆಯರ ಜಾಗದಲ್ಲಿ ಬಿಡಾರ ಹಾಕಿಕೊಂಡು ಕೂಲಿ ಮಾಡುತ್ತಿದ್ದವನು ಗೇಣಿದಾರನೂ ಆಗಿರಲಿಲ್ಲ; ಅವನು ಇದ್ದಲ್ಲೇ ಇದ್ದ. 1976ರಲ್ಲಿ ಜೀತ ರದ್ದತಿ ಕಾಯ್ದೆ ಬಂತು. 1987ರಲ್ಲಿ 600 ಚದರ ಕಿಲೋಮೀಟರ್ ಕಾಡು ಕುದುರೆಮುಖ ರಾಷ್ಟ್ರೀಯ ಉದ್ಯಾನವಾಯಿತು. ಒಳಗಿದ್ದ ನಮ್ಮವರಿಗೆ ಜಾಗ ಬಿಡಿ ಅನ್ನುವ ಮಾತು ಶುರುವಾಯಿತು. ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ. ನೆಲದ ಮಾತು ಬಿಟ್ಟು ಸಂಸ್ಕೃತಿಯ ಮಾತಾಡುವವರನ್ನು ನಾವು ನಂಬಬಾರದು. ಕಾಡಿಂದ ಹೊರಗೆ ಹಾಕಿದವನಿಗೆ ಕಾಡಿನ ಹಾಡು ಹೇಳು ಅಂದರೆ ಅವನು ಯಾವ ಬಾಯಲ್ಲಿ ಹೇಳಬೇಕು?

ಇನ್ನು ನಮ್ಮ ವಿಷಯಕ್ಕೆ ಬರೋಣ. ನಾವು ಹಾಸ್ಟೆಲ್ಲಿಗೆ ಬಂದು ನಾಲ್ಕು ಅಕ್ಷರ ಕಲಿತೆವು. ಅಕ್ಷರದ ಜೊತೆ ನಾಚಿಕೆಯನ್ನೂ ಕಲಿತೆವು. ಮನೆ ಮಾತು ಬಾಯಿಗೆ ಬಂದರೆ ಪಕ್ಕದ ಹುಡುಗ ನಗ್ತಾನೆ ಅಂತ ನುಂಗಿಕೊಳ್ತೇವೆ. ಏಡಿ ತಿಂದದ್ದು, ಮೀನು ಹಿಡಿದದ್ದು ಹೇಳೋಲ್ಲ. ರಜೆಗೆ ಊರಿಗೆ ಹೋದರೆ ಅಜ್ಜಿ ಒಂದು ಮೂಲೆಯಲ್ಲಿ, ನಾವು ಮೊಬೈಲ್ ಹಿಡಿದು ಇನ್ನೊಂದು ಮೂಲೆಯಲ್ಲಿ. ಅಜ್ಜಿ ಕಳಲೆ ಹೆಚ್ಚಿ ಎರಡು ಮೂರು ದಿನ ನೀರು ಬದಲಿಸಿ ಬದಲಿಸಿ ನೆನೆಹಾಕ್ತಾಳೆ. ಹಾಗೆ ಮಾಡದಿದ್ದರೆ ಅದರಲ್ಲಿ ವಿಷ ಉಳಿಯುತ್ತದೆ. ಇದನ್ನು ಅವಳು ಯಾವ ಪುಸ್ತಕ ಓದಿ ಕಲಿತಳು? ಯಾವ ಅಣಬೆ ತಿನ್ನಬಹುದು, ಯಾವುದನ್ನು ಮುಟ್ಟಬಾರದು, ಬುಟ್ಟಿಗೆ ಬಿದಿರು ಯಾವಾಗ ಕಡಿಯಬೇಕು, ಬಾಣಂತಿಗೆ ಯಾವ ಸೊಪ್ಪು ಕೊಡಬೇಕು — ಇದೆಲ್ಲ ವಿದ್ಯೆ. ನಮ್ಮವರು ಹಸಿವಿನಲ್ಲಿ ಪರೀಕ್ಷೆ ಮಾಡಿ ಕಂಡುಕೊಂಡ ವಿದ್ಯೆ. ಇದನ್ನು ಮೂಢನಂಬಿಕೆಯ ಜೊತೆ ಸೇರಿಸಿ ಒಟ್ಟಿಗೆ ಗುಡಿಸಿ ಹಾಕಿದರೆ ನಷ್ಟ ನಮಗೇ.

ಹಾಗಂತ ಹಿಂದಿನದೆಲ್ಲ ಒಳ್ಳೆಯದೂ ಅಲ್ಲ. ಘಟ್ಟದ ಕೆಳಗೆ ನೋಡಿ. ಕೊರಗರಿಗೆ ಅಜಲು ಅನ್ನುವ ಹೆಸರಲ್ಲಿ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುತ್ತಿದ್ದರು. ಕೂಲಿಯಿಲ್ಲದೆ ಡೋಲು ಬಡಿಸುತ್ತಿದ್ದರು. ಅದಕ್ಕೂ ಸಂಪ್ರದಾಯ ಅಂತಲೇ ಹೆಸರು. 2000ದಲ್ಲಿ ಅಜಲು ನಿಷೇಧ ಕಾಯ್ದೆ ಬರಬೇಕಾಯಿತು. ಹಾಗಾದರೆ ಡೋಲನ್ನೇ ಒಡೆದು ಹಾಕಬೇಕಾ? ಇಲ್ಲ. ಡೋಲು ಕೊರಗರದ್ದು, ಅಪ್ಪಣೆ ಬೇರೆಯವರದ್ದು. ಅಪ್ಪಣೆಯನ್ನು ಬಿಟ್ಟು ಡೋಲನ್ನು ಇಟ್ಟುಕೊಂಡ ಕೊರಗ ಯುವಕರು ಇವತ್ತು ತಮ್ಮ ಸಭೆಗೆ ತಾವೇ ಬಾರಿಸ್ತಾರೆ. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಅಂತ ನಮ್ಮ ಜನಕ್ಕೆ ಹೇಳಿದ್ದೂ ಈ ವಿವೇಕದಿಂದಲೇ. ಯಾರದೋ ಭಯಕ್ಕೆ ಮಾಡಿದ್ದು ಹೋಗಲಿ. ನಮ್ಮ ಬದುಕಿಗಾಗಿ ನಾವೇ ಕಟ್ಟಿಕೊಂಡದ್ದು ಇರಲಿ.

ಅಂಕೋಲಾದ ಹಾಲಕ್ಕಿ ಅಜ್ಜಿ ಸುಕ್ರಿ ಬೊಮ್ಮಗೌಡರನ್ನು ನೆನೆಯೋಣ. ಶಾಲೆ ಕಂಡವರಲ್ಲ. ತಮ್ಮ ಜನದ ಹಾಡುಗಳನ್ನು ತಲೆಯಲ್ಲಿ ಹೊತ್ತು ಉಳಿಸಿದರು. ಅದೇ ಅಜ್ಜಿ ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ಬೀದಿಗೆ ಇಳಿದರು. 2017ರಲ್ಲಿ ಪದ್ಮಶ್ರೀ ಬಂತು, 2025ರಲ್ಲಿ ತೀರಿಕೊಂಡರು. ಹಾಡು ಇರಬೇಕು, ಸಾರಾಯಿ ಹೋಗಬೇಕು ಅನ್ನುವ ಲೆಕ್ಕ ಅವರಿಗೆ ಸ್ಪಷ್ಟ ಇತ್ತು.

ನಮ್ಮ ಹಾಗೇ ಮಲೆಯಲ್ಲಿ ಬದುಕಿ, ನೆಲ ಕಳಕೊಂಡ ಜನ ದೂರದಲ್ಲೂ ಇದ್ದಾರೆ. ಲಾವೋಸ್ ದೇಶದ ಗುಡ್ಡಗಳಲ್ಲಿ ಹ್ಮೋಂಗ್ ಅನ್ನುವ ಬುಡಕಟ್ಟು. 1975ರಲ್ಲಿ ಅಲ್ಲಿನ ಯುದ್ಧ ಮುಗಿದಾಗ ಸಾವಿರಾರು ಜನ ಮೆಕಾಂಗ್ ನದಿ ದಾಟಿ ಥಾಯ್ಲೆಂಡಿನ ಶಿಬಿರ ಸೇರಿದರು. ಅಲ್ಲಿಂದ ಬಹಳ ಮಂದಿ ಅಮೆರಿಕಕ್ಕೆ ಹೋದರು. ಶಿಬಿರದಲ್ಲಿ ಕೂತ ಹೆಂಗಸರು ಓದು ಬರಹ ಬಾರದಿದ್ದರೂ ಸುಮ್ಮನಿರಲಿಲ್ಲ. ಊರು, ಬೆಳೆ, ಯುದ್ಧ, ನದಿ ದಾಟಿದ್ದು ಎಲ್ಲವನ್ನೂ ಬಟ್ಟೆಯ ಮೇಲೆ ದಾರದಲ್ಲಿ ಹೊಲಿದರು. ಅದೇ ಅವರ ಇತಿಹಾಸ ಪುಸ್ತಕ. ಅದಕ್ಕೂ ಮೊದಲು, 1959ರಲ್ಲಿ, ಅಕ್ಷರ ಬಾರದ ಶೋಂಗ್ ಲೂ ಯಾಂಗ್ ಎಂಬ ರೈತ ತನ್ನ ಜನದ ಮಾತಿಗೆ ಲಿಪಿಯನ್ನೇ ಕಟ್ಟಿದ. 1971ರಲ್ಲಿ ಅವನನ್ನು ಕೊಂದರು. ಆ ಜನರಲ್ಲಿ ಸಾವಾದಾಗ ಬಿದಿರು ಕೊಳವೆಗಳ ಒಂದು ವಾದ್ಯ ನುಡಿಸ್ತಾರೆ. ಅದರ ಒಂದೊಂದು ಸ್ವರವೂ ಮಾತು. ಸತ್ತವನಿಗೆ ಹಿರಿಯರ ಬಳಿಗೆ ಹೋಗುವ ದಾರಿ ಹೇಳುವ ಮಾತು. ಅಮೆರಿಕದ ಸೇಂಟ್ ಪಾಲ್ ನಗರದಲ್ಲಿ ಹುಟ್ಟಿದ ಹುಡುಗರು ಕೂಡ ಅದನ್ನು ಕೂತು ಕಲೀತಾರೆ. ಅವರು ನುಡಿಸೋದು ತಮ್ಮ ಸತ್ತವರಿಗೆ. ನಮ್ಮ ವಾದ್ಯ ಎಷ್ಟು ಕಾಲ ಯಾರ ಹೆಣದ ಮುಂದೆ ನಡೆಯಿತು ಅಂತ ಯೋಚನೆ ಮಾಡಿ.

ಸರ್ಕಾರದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಹಸಲರು, ಗೌಡಲು, ಮಲೆಕುಡಿ ಅಂತ ಒಂದೊಂದು ಹೆಸರು ಇದೆ. ಆ ಹೆಸರು ಬಿಟ್ಟರೆ ನಮ್ಮ ಬಗ್ಗೆ ನಾವೇ ಬರೆದದ್ದು ಎಷ್ಟು? ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು, 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ನಮ್ಮ ಗುತ್ತಿ, ತಿಮ್ಮಿಯರಿಗೆ ದೊಡ್ಡ ಜಾಗ ಕೊಟ್ಟರು. ಆ ಉಪಕಾರ ನಮ್ಮ ಮೇಲಿದೆ. ಆದರೆ ತಿಮ್ಮಿಯ ಮೊಮ್ಮಗಳು ಈಗ ಡಿಗ್ರಿ ಓದ್ತಾ ಇದ್ದಾಳೆ. ಅವಳು ತಾನೇ ಬರೀಬೇಕು.

ಹಾಗಾಗಿ ಕೆಲಸದ ಮಾತು. ಈ ರಜೆಗೆ ಹೋಗುವ ಪ್ರತಿಯೊಬ್ಬರೂ ಇನ್ನೂರು ಪುಟದ ಒಂದು ನೋಟ್‌ಬುಕ್ ತಗೊಂಡು ಹೋಗಿ. ಮೊದಲು ಮನೆಯಲ್ಲಿ ಆಡುವ, ಪಠ್ಯಪುಸ್ತಕದಲ್ಲಿ ಇಲ್ಲದ ಮಾತುಗಳನ್ನು ಬರೆದುಕೊಳ್ಳಿ. ಆಮೇಲೆ ನೆಟ್ಟಿ ಹಾಡು, ಮದುವೆ ಹಾಡು, ಸತ್ತವರಿಗೆ ಅಳುವ ಹಾಡು. ಆಮೇಲೆ ಸೊಪ್ಪು, ಬೇರು, ಮೀನು, ಬಿದಿರಿನ ವಿವರ. ಹಾಗೇ ಜೀತದ ಕತೆಯನ್ನೂ ಕೇಳಿ ಬರೆಯಿರಿ: ಯಾವ ಸಾಲಕ್ಕೆ ಎಷ್ಟು ವರ್ಷ ದುಡಿದರು, ಏನು ಕೊಟ್ಟರು, ಏನಂತ ಕರೆದರು. ಅದನ್ನು ಬಿಟ್ಟು ಬರೀ ಹಾಡು ಬರೆದರೆ ನಾವೂ ಉತ್ಸವದವರ ಸಾಲಿಗೇ ಸೇರ್ತೇವೆ. ಮೊಬೈಲ್ ಇದ್ದವರು ಅಜ್ಜಿಯ ದನಿ ಹಿಡಿದಿಟ್ಟುಕೊಳ್ಳಿ. ಅವಳನ್ನು ಕೇಳಿ, ಅವಳು ಒಪ್ಪಿದರೆ. ಬುಟ್ಟಿ ಹೆಣೆಯುವುದನ್ನು ಬರೆದರೆ ಸಾಲದು, ಒಂದು ಬುಟ್ಟಿಯನ್ನಾದರೂ ಹೆಣೆದು ತನ್ನಿ. ಹುಡುಗರಿಗೂ ಹುಡುಗಿಯರಿಗೂ ಇದೇ ಕೆಲಸ.

ರಜೆ ಮುಗಿದ ಮೇಲೆ ಎಲ್ಲರ ನೋಟ್‌ಬುಕ್ ಒಟ್ಟಿಗೆ ಇಟ್ಟುಕೊಂಡು ಕೂರೋಣ. ಓದೋಣ, ಜಗಳ ಆಡೋಣ, ಯಾವುದು ಇರಬೇಕು ಯಾವುದು ಹೋಗಬೇಕು ಅಂತ ನಾವೇ ತೀರ್ಮಾನ ಮಾಡೋಣ. ಅಜ್ಜಿಯರಿಗೆ ವಯಸ್ಸಾಗಿದೆ. ಮುಂದಿನ ವರ್ಷ ಅಂತ ಯಾರೂ ಹೇಳಬೇಡಿ.

ಜೈ ಭೀಮ್.