ಗಂಧದ ಅಣುಗಳು: ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಬೆಳೆ ಮತ್ತು ಕೀಟ

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಮಾವು, ಎಲೆಬಳ್ಳಿ, ಗೋವಿನಜೋಳ, ಹತ್ತಿಗಳ ವಿಚಾರ ಬಂದಾಗಲೆಲ್ಲ ಮಳೆ, ಇಳುವರಿ, ಧಾರಣೆಗಳ ಲೆಕ್ಕವೇ ಮುಂದೆ ಬರುತ್ತದೆ; ಈ ಬೆಳೆಗಳು ಹಗಲಿರುಳು ಗಾಳಿಗೆ ಬಿಡುವ ಗಂಧದ್ರವ್ಯಗಳ ಮಾತು ಮಾತ್ರ ಅಪರೂಪ. ಗಂಧದ್ರವ್ಯವೆಂದರೆ ಸಾಮಾನ್ಯ ಉಷ್ಣತೆಯಲ್ಲಿಯೇ ಆವಿಯಾಗುವಷ್ಟು ಹಗುರವಾದ, ಇಂಗಾಲವನ್ನು ಆಧರಿಸಿದ ಸಣ್ಣ ಅಣು. ಸಸ್ಯವು ಅದರಿಂದ ಪರಾಗಸ್ಪರ್ಶಕ್ಕೆ ನೆರವಾಗುವ ಜೀವಿಗಳನ್ನು ಕರೆಯುತ್ತದೆ, ತಿನ್ನಲು ಬಂದವರನ್ನು ದೂರವಿಡುತ್ತದೆ. ಕೀಟವು ಅದನ್ನು ತನ್ನ ಕುಡಿಮೀಸೆಯಿಂದ ಗ್ರಹಿಸಿ ಆಹಾರವನ್ನೂ ಸಂಗಾತಿಯನ್ನೂ ಹುಡುಕಿಕೊಳ್ಳುತ್ತದೆ.

ಸವಣೂರಿನ ಎಲೆಯನ್ನು ಬಾಯಿಗಿಟ್ಟೊಡನೆ ಏಳುವ ಖಾರದ ಘಮಕ್ಕೆ ಯೂಜಿನಾಲ್, ಚಾವಿಬೆಟಾಲ್, ಚಾವಿಕಾಲ್ ಮೊದಲಾದ ಫೀನಾಲಿಕ್ ಸಂಯುಕ್ತಗಳು ಕಾರಣ. ಲವಂಗದ ಪರಿಮಳಕ್ಕೂ ಯೂಜಿನಾಲೇ ಮೂಲ. ಇದೇ ಊರಿನ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿರುವ, ಆಫ್ರಿಕಾ ಮೂಲದ ದೈತ್ಯ ದೊಡ್ಡಹುಣಸೆ ಮರಗಳ ಜಾತಿಯದು ತೀರ ಬೇರೆಯ ಬಗೆ: ಅದರ ಬಿಳಿಯ ಹೂವು ಸಂಜೆಯ ಹೊತ್ತಿಗೆ ಅರಳಿ, ಗಂಧಕವುಳ್ಳ ಸಂಯುಕ್ತಗಳ ಕಟು ವಾಸನೆಯನ್ನು ಬೀರಿ ಬಾವಲಿಗಳನ್ನು ಸೆಳೆಯುತ್ತದೆ. ಮನುಷ್ಯನ ಮೂಗಿಗೆ ಹಿತವಾದದ್ದೇ ಸುಗಂಧವೆಂಬ ಎಣಿಕೆ ಸಸ್ಯಲೋಕದಲ್ಲಿ ನಡೆಯುವುದಿಲ್ಲ.

ಯೂಜಿನಾಲ್‌ನ ಅಣುವಿಗೆ ಒಂದು ಮೀಥೈಲ್ ಗುಂಪು ಸೇರಿದರೆ ಮೀಥೈಲ್ ಯೂಜಿನಾಲ್ ಆಗುತ್ತದೆ, ಮತ್ತು ಮಾವಿನ ತೋಟದ ಮಟ್ಟಿಗೆ ಇದಕ್ಕಿಂತ ಮಹತ್ವದ ಗಂಧದ್ರವ್ಯ ಇನ್ನೊಂದಿಲ್ಲ. ಸೊಳ್ಳೆ ಓಡಿಸಲು ಬಳಸುವ ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣಿನ ನೊಣಗಳು, ಅದರಲ್ಲಿಯೂ ಗಂಡುಗಳು, ಮುತ್ತಿಕೊಳ್ಳುವುದನ್ನು ಬಿಹಾರದ ಪೂಸಾದಲ್ಲಿದ್ದ ಕೀಟತಜ್ಞ ಎಫ್. ಎಂ. ಹೌಲೆಟ್ 1912ರಲ್ಲಿ ವರದಿ ಮಾಡಿದರು. ಆ ಸೆಳೆತಕ್ಕೆ ಮೀಥೈಲ್ ಯೂಜಿನಾಲ್ ಕಾರಣವೆಂದು 1915ರಲ್ಲಿ ತೋರಿಸಿಕೊಟ್ಟರು. ಗಂಡು ನೊಣವು ಈ ದ್ರವ್ಯವನ್ನು ಆಸೆಯಿಂದ ಹೀರಿ, ದೇಹದೊಳಗೆ ಬೇರೆ ರೂಪಕ್ಕೆ ಮಾರ್ಪಡಿಸಿ, ಗುದಗ್ರಂಥಿಯಲ್ಲಿ ಕೂಡಿಟ್ಟು, ಮುಸ್ಸಂಜೆಯಲ್ಲಿ ಹೊರಸೂಸಿ ಹೆಣ್ಣನ್ನು ಒಲಿಸಿಕೊಳ್ಳುತ್ತದೆ. ತುಳಸಿಯಲ್ಲಿಯೂ ಈ ದ್ರವ್ಯವಿರುವುದರಿಂದ ಜಜ್ಜಿದ ತುಳಸಿ ಎಲೆಗೂ ಈ ನೊಣಗಳು ಬರುತ್ತವೆ. ಹಾನಗಲ್ಲಿನ ಆಪೂಸು ಹಣ್ಣು ಬಲಿಯುವ ಹೊತ್ತಿಗೆ ಹೆಣ್ಣು ನೊಣವು ಸಿಪ್ಪೆಯನ್ನು ಚುಚ್ಚಿ ಮೊಟ್ಟೆಯಿಡುತ್ತದೆ. ಹೊರಗೆ ಕಾಣುವುದು ಸೂಜಿಮೊನೆಯಷ್ಟು ಗುರುತು, ಕೊಯ್ದು ನೋಡಿದರೆ ಒಳಗೆಲ್ಲ ಹುಳು. ಐರೋಪ್ಯ ಒಕ್ಕೂಟವು 2014ರ ಮೇ ತಿಂಗಳಿಂದ 2015ರ ಜನವರಿಯವರೆಗೆ ಭಾರತದ ಮಾವನ್ನು ತಡೆಹಿಡಿದದ್ದು ಈ ನೊಣದ ಭಯದಿಂದಲೇ.

ಮದ್ಯಸಾರ, ಮೀಥೈಲ್ ಯೂಜಿನಾಲ್ ಮತ್ತು ಸ್ವಲ್ಪ ಕೀಟನಾಶಕದ ಮಿಶ್ರಣದಲ್ಲಿ ನೆನೆಸಿದ ಪ್ಲೈವುಡ್ ತುಂಡನ್ನು ತೂತು ಮಾಡಿದ ಪ್ಲಾಸ್ಟಿಕ್ ಬಾಟಲಿಯೊಳಗೆ ತೂಗುಹಾಕಿದರೆ ಮೋಹಕ ಬಲೆ ಸಿದ್ಧ. ಬಾಟಲಿಯ ತಳದಲ್ಲಿ ಸತ್ತ ನೊಣಗಳ ರಾಶಿಯನ್ನು ಕಂಡ ರೈತರು ಪೀಡೆ ತೀರಿತೆಂದು ಸಮಾಧಾನಪಡುವುದು ಸಹಜ. ಆದರೆ ಸತ್ತವೆಲ್ಲ ಗಂಡುಗಳೇ ಆಗಿದ್ದು, ಅಳಿದುಳಿದ ಒಂದೊಂದು ಗಂಡೂ ಹಲವು ಹೆಣ್ಣುಗಳೊಡನೆ ಕೂಡಬಲ್ಲದಾದ್ದರಿಂದ, ಬಹುಪಾಲು ಗಂಡುಗಳು ಇಲ್ಲವಾಗದೆ ಮೊಟ್ಟೆಯಿಡುವುದು ತಗ್ಗದು. ಒಬ್ಬರ ತೋಟದಲ್ಲಿ ಮಾತ್ರ ಬಲೆ ತೂಗಿದಾಗ ನೆರೆಯ ತೋಟದಲ್ಲಿ ಆಗಲೇ ಕೂಡಿದ ಹೆಣ್ಣುಗಳು ಬದು ದಾಟಿ ಬರುತ್ತಲೇ ಇರುತ್ತವೆ. ಉದುರಿದ ಹಣ್ಣನ್ನು ಆಯ್ದು ಆಳವಾಗಿ ಹೂಳದಿದ್ದರೆ ಅದರೊಳಗಿನ ಹುಳು ಮಣ್ಣಿಗಿಳಿದು, ಕೋಶವಾಗಿ, ಮತ್ತೆ ನೊಣವಾಗಿ ಏಳುತ್ತದೆ.

ಗೋವಿನಜೋಳದ ಹೊಲದ ಬಲೆಯ ಕೆಲಸ ಇನ್ನೊಂದು ಬಗೆಯದು. ಅಮೆರಿಕ ಖಂಡದಿಂದ ಬಂದ ಫಾಲ್ ಸೈನಿಕ ಹುಳು 2018ರಲ್ಲಿ ಭಾರತದಲ್ಲಿ ಮೊದಲು ಪತ್ತೆಯಾದದ್ದು ಹಿರೇಕೆರೂರಿಗೆ ಹೊಂದಿಕೊಂಡ ಶಿವಮೊಗ್ಗ ಜಿಲ್ಲೆಯಲ್ಲಿ. ಅದರ ಹೆಣ್ಣು ಪತಂಗ ಸೂಸುವ ಲಿಂಗಾಕರ್ಷಕ ದ್ರವ್ಯವನ್ನು, ಅಂದರೆ ಫೆರೊಮೋನನ್ನು, ಕೃತಕವಾಗಿ ತಯಾರಿಸಿ ಬಲೆಯಲ್ಲಿಡಲಾಗುತ್ತದೆ. ಒಂದು ಕೀಟ ಹೊರಸೂಸಿ ಅದೇ ಜಾತಿಯ ಇನ್ನೊಂದು ಗ್ರಹಿಸುವ ಇಂಥ ದ್ರವ್ಯಗಳಿಗೆ ಫೆರೊಮೋನ್ ಎಂಬ ಹೆಸರು ಬಂದದ್ದು 1959ರಲ್ಲಿ. ಅದೇ ವರ್ಷ ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಸುಮಾರು ಐದು ಲಕ್ಷ ರೇಷ್ಮೆ ಪತಂಗಗಳಿಂದ ಕೆಲವೇ ಮಿಲಿಗ್ರಾಂ ಬಾಂಬಿಕಾಲ್ ಬೇರ್ಪಡಿಸಿ ಮೊದಲ ಫೆರೊಮೋನಿನ ರಚನೆಯನ್ನು ತಿಳಿಸಿದರು. ಗೋವಿನಜೋಳದ ಬಲೆಗೆ ಪತಂಗ ಬೀಳತೊಡಗಿತೆಂದರೆ ಸುಳಿ ಬಿಡಿಸಿ ಮರಿಹುಳು ಹುಡುಕುವ ಹೊತ್ತಾಯಿತೆಂದು ಅರ್ಥ. ಇದು ಮುನ್ಸೂಚನೆಯ ಸಾಧನವೆಂಬುದನ್ನು ಮಾರುವವರು ಸ್ಪಷ್ಟವಾಗಿ ಹೇಳುವುದು ಅಗತ್ಯ. ಹುಳು ಕಡಿದ ಗೋವಿನಜೋಳದ ಗಿಡವೂ ಸುಮ್ಮನಿರುವುದಿಲ್ಲ. ಟರ್ಪೀನ್ ವರ್ಗದ ಗಂಧಗಳನ್ನು ಹೊರಬಿಟ್ಟು, ಆ ಹುಳುವಿನೊಳಗೆ ಮೊಟ್ಟೆಯಿಡುವ ಪರಾವಲಂಬಿ ಕಣಜಗಳನ್ನು ಕರೆಯುತ್ತದೆ. ಕಂಡಾಪಟ್ಟೆ ಔಷಧಿ ಹೊಡೆದ ಹೊಲದಲ್ಲಿ ಆ ಕರೆಗೆ ಓಗೊಡುವ ಕಣಜವೇ ಉಳಿಯದಿರುವುದು ನಿಜವಾದ ನಷ್ಟ.

ಬಿಟಿ ಹತ್ತಿಗೂ ಜಗ್ಗದಷ್ಟು ಪ್ರತಿರೋಧ ಬೆಳೆಸಿಕೊಂಡ ಗುಲಾಬಿ ಕಾಯಿಕೊರಕದ ಫೆರೊಮೋನ್ ಗಾಸಿಪ್ಲೂರ್; ಅದರ ರಚನೆ 1973ರಲ್ಲಿ ತಿಳಿಯಿತು. ಹೊಲದ ತುಂಬ ಈ ಗಂಧವನ್ನು ಹರಡಿದರೆ ಗಂಡು ಪತಂಗಕ್ಕೆ ಹೆಣ್ಣಿನ ಜಾಡು ಹತ್ತದೆ ಕೂಡುವಿಕೆಯೇ ತಪ್ಪುತ್ತದೆ. ಇಲ್ಲಿಯೂ ತುಂಡು ಹೊಲದಲ್ಲಿ ಫಲ ಕಡಿಮೆ, ಅಕ್ಕಪಕ್ಕದ ಹೊಲಗಳೆಲ್ಲ ಕೂಡಿದರೆ ಹೆಚ್ಚು. ಆದ್ದರಿಂದ ಈ ನಾಲ್ಕು ತಾಲ್ಲೂಕುಗಳಲ್ಲಿ ಮೋಹಕ ದ್ರವ್ಯದ ಖರೀದಿ ಮತ್ತು ಬಲೆ ಕಟ್ಟುವ ದಿನದ ನಿರ್ಧಾರ ಒಬ್ಬೊಬ್ಬ ರೈತನ ಹೆಗಲಿಗೆ ಬೀಳಬಾರದು. ಬಿತ್ತನೆ ಬೀಜ, ಗೊಬ್ಬರಗಳನ್ನು ವಿತರಿಸುವ ಊರಿನ ಸಹಕಾರ ಸಂಘಗಳೇ ಅದನ್ನು ಕೈಗೆತ್ತಿಕೊಂಡು, ಇಡೀ ಊರಿನ ತೋಟ ಮತ್ತು ಹೊಲಗಳಲ್ಲಿ ಒಂದೇ ವಾರದೊಳಗೆ ಬಲೆ ತೂಗುವಂತೆ ಮಾಡಬೇಕು.