ಶಿಶುವಿಹಾರದ ಆಯ್ಕೆ: ಗೃಹಸ್ಥರಿಗೊಂದು ವಿಚಾರ

(ಉಪನ್ಯಾಸದ ಲಿಖಿತ ರೂಪ)

॥ ಶ್ರೀಃ ॥

 

ಇಂದಿನ ವಿಷಯ ಶಾಸ್ತ್ರಾರ್ಥದ್ದಲ್ಲ. ಗೃಹಸ್ಥಾಶ್ರಮದಲ್ಲಿ ಪ್ರತಿಯೊಂದು ಮನೆಗೂ ಒಮ್ಮೆ ಎದುರಾಗುವ ಒಂದು ನಿರ್ಧಾರದ್ದು. ಮೂರು ವರ್ಷ ತುಂಬಿದ ಮಗುವನ್ನು ಯಾವ ಶಿಶುವಿಹಾರಕ್ಕೆ ಸೇರಿಸಬೇಕು? ಮದುವೆಗೆ ಜಾತಕ ನೋಡುವವರು, ಮನೆಗೆ ವಾಸ್ತು ನೋಡುವವರು, ಮಗುವಿನ ಮೊದಲ ಶಾಲೆಯನ್ನು ಮಾತ್ರ ನೆರೆಮನೆಯವರ ಮಾತಿನ ಮೇಲೋ ರಸ್ತೆಬದಿಯ ಫಲಕದ ಮೇಲೋ ಗೊತ್ತುಮಾಡುವುದುಂಟು. ಮಗು ಹೆತ್ತವರ ಮಡಿಲಿನಿಂದ ಇಳಿದು ಅನ್ಯರ ಕೈಗೆ ಹೋಗುವ ಮೊದಲ ದಿನ ಅದು. ಆದ್ದರಿಂದ ಈ ವಿಷಯ ವಿಚಾರಾರ್ಹವಾಗಿದೆ.

ಕುಷಾಯಿಗೂಡವು ಒಂದು ಕಾಲಕ್ಕೆ ಹೈದರಾಬಾದಿನ ಈಶಾನ್ಯ ಅಂಚಿನ ಹಳ್ಳಿ. 1967ರಲ್ಲಿ ಡಾ. ಎ. ಎಸ್. ರಾವ್ ಅವರ ನೇತೃತ್ವದಲ್ಲಿ ಇ.ಸಿ.ಐ.ಎಲ್. ಸ್ಥಾಪನೆಯಾಯಿತು, 1971ರಲ್ಲಿ ಪರಮಾಣು ಇಂಧನ ಸಂಕೀರ್ಣ ಬಂದಿತು, ಚರ್ಲಪಲ್ಲಿಯಲ್ಲಿ ಕೈಗಾರಿಕೆಗಳು ಬೆಳೆದವು. ನಾನಾ ಪ್ರಾಂತಗಳ ನೌಕರರು ಬಂದು ನೆಲೆಸಿದರು. 2007ರಲ್ಲಿ ಕಾಪ್ರಾ ಪುರಸಭೆಯು ಬೃಹತ್ ಹೈದರಾಬಾದ್ ನಗರಪಾಲಿಕೆಯಲ್ಲಿ ಸೇರಿದ ಮೇಲೆ ಈ ಭಾಗ ನಗರವೇ ಆಯಿತು. ಕನ್ನಡಿಗರಿಗಂತೂ ಹೈದರಾಬಾದು ಹೊಸ ಊರಲ್ಲ. ಬೀದರ, ಕಲಬುರಗಿ, ರಾಯಚೂರು ಸೀಮೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದು ರಾಜ್ಯದಲ್ಲಿಯೇ ಇದ್ದುವು. ಆ ಸೀಮೆಯವರಿಗೆ ಇದು ರಾಜಧಾನಿಯಾಗಿತ್ತು.

ಇಲ್ಲಿನ ಒಂದು ಮನೆಯನ್ನು ದೃಷ್ಟಾಂತಕ್ಕೆ ಕಲ್ಪಿಸಿಕೊಳ್ಳಬಹುದು. ಹೆಸರು ಬೇಡ, ಅದು ಯಾರ ಮನೆಯೂ ಆಗಬಹುದು. ತಂದೆಗೆ ಚರ್ಲಪಲ್ಲಿಯ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ತಾಯಿಯೂ ಉದ್ಯೋಗಸ್ಥೆ. ರಾಯಚೂರು ಕಡೆಯ ಅಜ್ಜಿ ಜೊತೆಯಲ್ಲಿದ್ದಾರೆ. ಹಿರಿಯ ಹುಡುಗಿಗೆ ನಾಲ್ಕೂವರೆ ವರ್ಷ, ಕಿರಿಯ ಹುಡುಗನಿಗೆ ಮೂರು. ಇಬ್ಬರನ್ನೂ ಒಂದೇ ಕಡೆ ಸೇರಿಸುವ ಯೋಚನೆ. ಎದುರಿಗೆ ಎರಡು ದಾರಿಗಳಿವೆ. ಮೊದಲನೆಯದು ದೂರದ ಹೆಸರಾಂತ ಶಾಲೆ: ನಾಲ್ಕು ಅಂತಸ್ತು, ಗಣಕಯಂತ್ರದ ಕೊಠಡಿ, ಬೆಳಿಗ್ಗೆ ಏಳೂವರೆಗೇ ಬಾಗಿಲಿಗೆ ಬರುವ ವ್ಯಾನು, ಸಂಜೆಗೆ ಮನೆಗೆಲಸದ ಪುಸ್ತಕ. ಎರಡನೆಯದು ಎರಡು ಗಲ್ಲಿ ಆಚೆಗಿನ ಚಿಕ್ಕ ಶಿಶುವಿಹಾರ: ಅಂಗಳದಲ್ಲೊಂದು ಬೇವಿನ ಮರ, ಮರಳಿನ ಗುಡ್ಡೆ, ಮಧ್ಯಾಹ್ನಕ್ಕೆ ಮನೆ. ತಂದೆಗೆ ಮೊದಲನೆಯದರ ಮೇಲೆ ಮನಸ್ಸು. ಮುಂದೆ ಹತ್ತನೆಯ ತರಗತಿಯವರೆಗೂ ಸ್ಥಾನ ಭದ್ರವಾಗುತ್ತದೆಂಬ ಲೆಕ್ಕ. ತಾಯಿಗೆ ಸಂದೇಹ. ಅಜ್ಜಿ ಕೇಳುವುದು ಒಂದೇ ಪ್ರಶ್ನೆ: “ಮಕ್ಕಳು ನನ್ನ ಹತ್ತಿರ ಎಷ್ಟು ಹೊತ್ತು ಇರುತ್ತಾವ?”

ಇಡೀ ವಿಚಾರದ ಕೀಲಿ ಈ ಪ್ರಶ್ನೆಯಲ್ಲಿದೆ. ಅದನ್ನು ತಿಳಿಯುವ ಮೊದಲು ಶಿಶುವಿಹಾರವೆಂಬುದು ಏಕೆ ಹುಟ್ಟಿತೆಂಬುದನ್ನು ಸ್ವಲ್ಪ ನೋಡುವುದು ಉಚಿತ.

ಜರ್ಮನಿಯ ಫ್ರೆಡರಿಕ್ ಫ್ರೋಬೆಲ್ ಎಂಬ ಶಿಕ್ಷಣತಜ್ಞನು 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಪುಟ್ಟ ಮಕ್ಕಳ ಕೇಂದ್ರವೊಂದನ್ನು ಆರಂಭಿಸಿ, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟನು. ಮಕ್ಕಳ ತೋಟ ಎಂದು ಅದರ ಅರ್ಥ. ಅಲ್ಲಿ ಆಟ, ಹಾಡು, ಮರದ ತುಂಡುಗಳು, ತೋಟದ ಕೆಲಸ ಇವೇ ಪಾಠಗಳು. 1907ರ ಜನವರಿ 6ರಂದು ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸೊರಿ ಅವರು ರೋಮ್ ನಗರದ ಬಡವರ ಬಡಾವಣೆಯಲ್ಲಿ ಮಕ್ಕಳ ಮನೆಯನ್ನು ತೆರೆದರು. 1939ರಲ್ಲಿ ಅವರು ಮದರಾಸಿನ ಅಡ್ಯಾರಿಗೆ ಬಂದು, ಮಹಾಯುದ್ಧದ ಕಾರಣ ಇಲ್ಲಿಯೇ ಉಳಿದು, ಭಾರತದ ನೂರಾರು ಶಿಕ್ಷಕರಿಗೆ ತರಬೇತಿ ಕೊಟ್ಟರು. ಅದಕ್ಕೂ ಮೊದಲೇ, 1920ರಲ್ಲಿ, ಗುಜರಾತಿನ ಭಾವನಗರದಲ್ಲಿ ವಕೀಲ ವೃತ್ತಿ ಬಿಟ್ಟು ಬಂದ ಗಿಜುಭಾಯಿ ಬಧೇಕಾ ಅವರು ಬಾಲಮಂದಿರವನ್ನು ನಡೆಸಿದ್ದರು. ಕನ್ನಡ ನಾಡಿನಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ಮಾಡಿದರು. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಅಂಗನವಾಡಿಗಳ ಮೂಲಕ ಬಡವರ ಮಕ್ಕಳಿಗೂ ಆಹಾರ, ಆಟ, ಕಲಿಕೆಗಳನ್ನು ಮುಟ್ಟಿಸಿತು.

ಇವರ ಮಾರ್ಗಗಳು ಬೇರೆ ಬೇರೆ. ಆದರೆ ಮೂರು ವರ್ಷದ ಮಗುವಿಗೆ ಕೈ, ಕಣ್ಣು, ಕಿವಿ, ನಾಲಿಗೆ ಇವೇ ಪಠ್ಯಪುಸ್ತಕಗಳು ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಬುನಾದಿಯ ಹಂತವೆಂದು ಕರೆದು, ಆಟದ ಮೂಲಕವೇ ಕಲಿಕೆ ಸಾಗಬೇಕೆಂದು ಹೇಳಿದೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ’ ಎಂಬ ಗಾದೆಯನ್ನು ಮುಂದಿಟ್ಟುಕೊಂಡು ಮೂರರ ವಯಸ್ಸಿನಲ್ಲಿಯೇ ಪುಟಗಟ್ಟಲೆ ಬರೆಸುವವರಿದ್ದಾರೆ. ಬಗ್ಗಿಸುವುದು ಬೇರೆ, ಮುರಿಯುವುದು ಬೇರೆ. ಆ ಎಳೆಯ ಬೆರಳುಗಳಿಗೆ ಮೊದಲು ಬೇಕಾದುದು ಕಣಕ ನಾದುವ, ಹೂ ಬಿಡಿಸುವ, ಮಣಿ ಪೋಣಿಸುವ ಕೆಲಸ. ಅದರಿಂದ ಬೆರಳು ಬಲಿತ ಮೇಲೆ ಲೇಖನಿ ತಾನಾಗಿ ಹಿಡಿತಕ್ಕೆ ಬರುತ್ತದೆ.

ಮಧ್ವಸಂಪ್ರದಾಯದ ಮನೆಗಳಿಗೆ ಇಲ್ಲಿ ಒಂದು ಪ್ರಸಂಗ ನೆನಪಾಗದೆ ಇರದು. ನಾರಾಯಣ ಪಂಡಿತಾಚಾರ್ಯರ ‘ಸುಮಧ್ವವಿಜಯ’ದಲ್ಲಿ ಬಾಲಕ ವಾಸುದೇವನಿಗೆ ತಂದೆ ಅಕ್ಷರಗಳನ್ನು ಕಲಿಸುವ ಸಂದರ್ಭವಿದೆ. ನಿನ್ನೆ ಬರೆದ ಅಕ್ಷರಗಳನ್ನೇ ಇಂದೂ ಏಕೆ ಬರೆಯುವುದೆಂದು ಬಾಲಕನು ತಂದೆಯನ್ನು ಪ್ರಶ್ನಿಸುತ್ತಾನೆ. ಅದು ಅವತಾರಮಹಿಮೆ, ಸಾಮಾನ್ಯ ಶಿಶುಗಳಿಗೆ ಹೋಲಿಸತಕ್ಕದ್ದಲ್ಲ. ಆದರೂ ಹೆತ್ತವರಿಗೆ ಅದರಲ್ಲೊಂದು ಸೂಚನೆಯಿದೆ. ಆ ಪಾಠದಲ್ಲಿ ಮಗುವಿನ ಪ್ರಶ್ನೆಗೆ ಎಡೆಯಿತ್ತು. ಶಿಶುವಿಹಾರವನ್ನು ನೋಡಲು ಹೋದವರು ಮೊದಲು ಗಮನಿಸಬೇಕಾದುದೂ ಇದನ್ನೇ: ಇಲ್ಲಿ ಮಗು ಬಾಯಿ ತೆರೆದರೆ ಕೇಳುವವರು ಇದ್ದಾರೆಯೆ?

ಆದ್ದರಿಂದ ಶಾಲೆಯನ್ನು ಭಾನುವಾರ ಅಥವಾ ಸಂಜೆ ನೋಡಬಾರದು. ಮಕ್ಕಳಿರುವ ಹೊತ್ತಿನಲ್ಲಿ, ಅನುಮತಿ ಪಡೆದು, ಅರ್ಧ ಗಂಟೆಯಾದರೂ ಮೂಲೆಯಲ್ಲಿ ಕುಳಿತು ನೋಡಬೇಕು. ಅಳುವ ಮಗುವಿನ ಬಳಿಗೆ ಯಾರು ಹೋಗುತ್ತಾರೆ? ಶಿಕ್ಷಕಿ ನಿಂತೇ ಗದರಿಸುತ್ತಾರೆಯೋ, ಕುಳಿತು ಮಗುವಿನ ಕಣ್ಣಿನ ಮಟ್ಟಕ್ಕೆ ಬಂದು ಮಾತಾಡುತ್ತಾರೆಯೋ? ಒಬ್ಬ ಶಿಕ್ಷಕಿಗೆ ಎಷ್ಟು ಮಕ್ಕಳು? ಗೋಡೆಯ ಮೇಲಿನ ಚಿತ್ರಗಳು ಅಂಗಡಿಯಿಂದ ತಂದವೋ, ಮಕ್ಕಳೇ ಬರೆದವೋ? ಒಂದೂ ಸದ್ದಿಲ್ಲದ ತರಗತಿಯನ್ನು ಕಂಡು ಶಿಸ್ತೆಂದು ಹಿಗ್ಗಬಾರದು. ಮೂರು ವರ್ಷದ ಇಪ್ಪತ್ತು ಮಕ್ಕಳು ಕೈಕಟ್ಟಿ ಮೌನವಾಗಿದ್ದರೆ ಅಲ್ಲಿ ಭಯವಿದೆಯೆಂದೇ ಸಂಶಯಿಸಬೇಕು.

ಎರಡನೆಯದು ರಕ್ಷಣೆ. ಇದರಲ್ಲಿ ದಾಕ್ಷಿಣ್ಯ ಸಲ್ಲದು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಬೆಂಕಿ ಬಿದ್ದು 94 ಮಕ್ಕಳು ಮೃತಪಟ್ಟರು. ಹುಲ್ಲಿನ ಚಾವಣಿ, ಇಕ್ಕಟ್ಟಾದ ದಾರಿ ಆ ದುರಂತವನ್ನು ಹಿಗ್ಗಿಸಿದವು. 2014ರ ಜುಲೈ 24ರಂದು ಇದೇ ತೆಲಂಗಾಣದ ಮಾಸಾಯಿಪೇಟೆಯ ಬಳಿ ಕಾವಲಿಲ್ಲದ ರೈಲ್ವೆ ದಾಟುವಿಕೆಯಲ್ಲಿ ಶಾಲಾ ಬಸ್ಸಿಗೆ ರೈಲು ಬಡಿದು ಅನೇಕ ಮಕ್ಕಳು ಅಸುನೀಗಿದರು. ಆದ್ದರಿಂದ ಮೆಟ್ಟಿಲುಗಳೆಷ್ಟು, ಹೊರಬರಲು ಎರಡನೆಯ ದಾರಿಯಿದೆಯೆ, ಗೇಟಿಗೆ ಯಾರಿದ್ದಾರೆ, ಶೌಚಾಲಯ ಮಗುವಿನ ಅಳತೆಗಿದೆಯೆ, ಕುಡಿಯುವ ನೀರು ಎಲ್ಲಿಯದು, ವ್ಯಾನಿನಲ್ಲಿ ಎಷ್ಟು ಮಕ್ಕಳನ್ನು ತುಂಬುತ್ತಾರೆ, ಚಾಲಕನ ಜೊತೆಗೆ ಆಯಾ ಇದ್ದಾಳೆಯೆ ಎಂದೆಲ್ಲ ಕೇಳಬೇಕು. ಕೇಳಿದ್ದಕ್ಕೆ ಬೇಸರಿಸುವ ಶಾಲೆ ಅಷ್ಟಕ್ಕೇ ಅಯೋಗ್ಯವೆಂದು ತಿಳಿಯಬಹುದು.

ಮೂರನೆಯದು ಪ್ರವೇಶದ ಪರೀಕ್ಷೆ. 2009ರ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಪ್ರವೇಶಕ್ಕಾಗಿ ಮಗುವನ್ನಾಗಲಿ ಹೆತ್ತವರನ್ನಾಗಲಿ ಪರೀಕ್ಷಿಸಬಾರದೆಂದು ಅದು ವಿಧಿಸಿದೆ. ಆರು ವರ್ಷದ ಮಗುವಿಗೆ ತಪ್ಪೆನಿಸಿದ ಪರೀಕ್ಷೆ ಮೂರು ವರ್ಷದ ಮಗುವಿಗೆ ಸರಿಯಾಗುವುದೆಂತು? ಅಪರಿಚಿತರೆದುರು ಬಣ್ಣಗಳ ಹೆಸರನ್ನು ಇಂಗ್ಲಿಷಿನಲ್ಲಿ ಹೇಳಲಾರದೆ ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡ ಮಗು ದಡ್ಡನಲ್ಲ. ಅದು ಮಗುವಿನ ಸಹಜ ಧರ್ಮ.

ನಾಲ್ಕನೆಯದು ಆಹಾರ ಮತ್ತು ಆಚಾರ. ಮನೆಯಿಂದ ತಂದ ಬುತ್ತಿಯನ್ನೇ ಮಗು ಉಣ್ಣಬಹುದೆ, ಹುಟ್ಟುಹಬ್ಬಗಳಿಗೆ ಏನು ಹಂಚುತ್ತಾರೆ ಎಂಬುದನ್ನು ಮೊದಲೇ ವಿನಯದಿಂದ ಕೇಳಿ ತಿಳಿಯುವುದು ಲೇಸು. ಹಣೆಯಲ್ಲಿ ಗಂಧವಿಟ್ಟುಕೊಂಡು ಬಂದ ಮಗುವನ್ನೂ, ನೆರೆಯ ಮುಸಲ್ಮಾನರ ಅಥವಾ ಕ್ರೈಸ್ತರ ಮಗುವನ್ನೂ ಶಿಕ್ಷಕಿ ಒಂದೇ ಬಗೆಯ ಪ್ರೀತಿಯಿಂದ ಕಾಣುವ ಸ್ಥಳ ಒಳ್ಳೆಯ ಸ್ಥಳ. ಒಬ್ಬರನ್ನು ಹಾಸ್ಯಮಾಡುವ ಸ್ಥಳದಲ್ಲಿ ನಾಳೆ ಇನ್ನೊಬ್ಬರ ಸರದಿ ಬರುತ್ತದೆ.

ಇನ್ನು ಅಜ್ಜಿಯ ಪ್ರಶ್ನೆಗೆ ಬರಬೇಕು. ಅದು ಭಾಷೆಯ ಪ್ರಶ್ನೆಯೂ ಹೌದು. ಕುಷಾಯಿಗೂಡದ ಕನ್ನಡ ಮಗು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು ಕೇಳುತ್ತದೆ. ಇದರಿಂದ ಮಗುವಿಗೆ ಗೊಂದಲವಾದೀತೆಂಬ ಭಯ ಬೇಡ. ಎಳೆಯ ವಯಸ್ಸಿನಲ್ಲಿ ಅನೇಕ ಭಾಷೆಗಳು ಸುಲಭವಾಗಿ ಬರುತ್ತವೆ. ತೆಲುಗು ಈ ನೆಲದ ಭಾಷೆ. 2018ರ ತೆಲಂಗಾಣ ಕಾಯಿದೆಯಂತೆ ಒಂದರಿಂದ ಹತ್ತನೆಯ ತರಗತಿಯವರೆಗೆ ಅದನ್ನು ಕಲಿಯುವುದು ಕಡ್ಡಾಯ, ಉಚಿತವೂ ಹೌದು. ಇಂಗ್ಲಿಷನ್ನು ಶಾಲೆ ಬಿಡದೆ ಕಲಿಸುತ್ತದೆ. ಯಾರೂ ಕಲಿಸದೆ ಉಳಿಯುವುದು ಕನ್ನಡವೊಂದೇ. ಹಿಂದಿನ ತಲೆಮಾರಿನ ಕನ್ನಡಿಗರು ಕಾಚಿಗೂಡದಲ್ಲಿ ನೃಪತುಂಗ ಶಾಲೆಯನ್ನು ಕಟ್ಟಿ ಬೆಳೆಸಿದರು. ಆದರೆ ಅದು ಇಲ್ಲಿಂದ ಹತ್ತು ಕಿಲೋಮೀಟರಿಗೂ ಹೆಚ್ಚು ದೂರ. ಮೂರು ವರ್ಷದ ಮಗುವನ್ನು ದಿನವೂ ಅಷ್ಟು ದೂರ ಕಳುಹಿಸುವುದು ಎಲ್ಲರಿಗೂ ಸಾಧ್ಯವಿಲ್ಲ.

ಹಾಗಾದರೆ ಕನ್ನಡದ ಶಿಶುವಿಹಾರ ಯಾವುದು? ಅಜ್ಜಿಯ ಮಡಿಲೇ. ಅದು ತೆರೆದಿರಬೇಕಾದರೆ ಮಗು ಹಗಲಿರುವಾಗಲೇ, ದಣಿಯದೆ ಮನೆ ಸೇರಬೇಕು. ಏಳೂವರೆಗೆ ಹೊರಟು, ವ್ಯಾನಿನಲ್ಲಿ ತೂಕಡಿಸುತ್ತ ನಾಲ್ಕಕ್ಕೆ ಬಂದು, ಆರರವರೆಗೆ ಬರೆದು, ಎಂಟಕ್ಕೆ ಮಲಗುವ ಮಗುವಿಗೆ ಅಜ್ಜಿಯ ಕಥೆ ಕೇಳಲು ಹೊತ್ತೆಲ್ಲಿಯದು? ನಾಲ್ಕು ವರ್ಷ ಹೀಗೆಯೇ ಕಳೆದರೆ ಮೊಮ್ಮಗಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ, ಅಜ್ಜಿ ಕನ್ನಡದಲ್ಲಿ ಕೇಳುತ್ತಾರೆ. ನಡುವೆ ತಾಯಿ ದುಭಾಷಿಯಾಗಬೇಕಾಗುತ್ತದೆ. ಬಳಿಕ ದಾಸರ ಪದಗಳು ಆ ಮಗುವಿಗೆ ಬರಿಯ ರಾಗವಾಗಿ ಕೇಳಿಸುತ್ತವೆ, ಅರ್ಥವಾಗಿ ಅಲ್ಲ. ಮಠಕ್ಕೆ ಬಂದರೂ ಉಪನ್ಯಾಸದ ಹೊತ್ತಿಗೆ ಹೊರಗಿನ ಜಗಲಿಯಲ್ಲಿ ಕುಳಿತಿರುತ್ತದೆ. ಈ ನಷ್ಟ ಯಾವ ಅಂಕಪಟ್ಟಿಯಲ್ಲಿಯೂ ಕಾಣಿಸುವುದಿಲ್ಲ.

ಆದ್ದರಿಂದ ಎಲ್ಲ ಪರೀಕ್ಷೆಗಳ ಕೊನೆಗೆ ಉಳಿಯುವ ತತ್ತ್ವ ಇಷ್ಟು: ಕೊಡುವುದನ್ನು ನೋಡುವಷ್ಟೇ ಎಚ್ಚರದಿಂದ, ಮಗುವಿನಲ್ಲಿ ಮನೆಗಾಗಿ ಎಷ್ಟನ್ನು ಉಳಿಸಿ ಕಳುಹಿಸುತ್ತದೆ ಎಂಬುದನ್ನೂ ನೋಡಿ ಶಾಲೆಯನ್ನು ಆರಿಸಬೇಕು. ಹತ್ತಿರದ್ದೆಲ್ಲ ಒಳ್ಳೆಯದೆಂದಲ್ಲ. ಹತ್ತಿರದ ಶಾಲೆಯಲ್ಲಿ ಬೆತ್ತವಿದ್ದರೆ, ಕತ್ತಲೆಯ ಕೊಠಡಿಯಿದ್ದರೆ ಅದನ್ನು ಬಿಡಲೇಬೇಕು. ಎರಡೂ ಸಮನಾಗಿ ಸುರಕ್ಷಿತವೂ ಪ್ರೀತಿಯುಳ್ಳದ್ದೂ ಆಗಿದ್ದರೆ ಮಾತ್ರ ಹತ್ತಿರದ್ದೇ ಮೇಲು. ದೃಷ್ಟಾಂತದ ಮನೆಯ ತಂದೆಯ ಚಿಂತೆಯೂ ಸುಳ್ಳಲ್ಲ. ಮುಂದೆ ದೊಡ್ಡ ಶಾಲೆಯಲ್ಲಿ ಸ್ಥಾನ ಸಿಗುವುದು ಕಷ್ಟವಾಗಬಹುದು. ಆ ಕಷ್ಟವನ್ನು ಮಗುವಿಗೆ ಆರು ವರ್ಷವಾದಾಗ ದೊಡ್ಡವರು ಹೊರಬಹುದು. ಮೂರು ವರ್ಷದ ಮಗು ಅದನ್ನು ಇಂದೇ ಹೊರಬೇಕಾಗಿಲ್ಲ. ಅಜ್ಜಿಯಿಲ್ಲದ, ಇಬ್ಬರೂ ದುಡಿಯುವ ಮನೆಗಳು ಸಂಜೆಯವರೆಗೆ ಶಾಲೆಯಲ್ಲಿ ಬಿಡಲೇಬೇಕಾಗಬಹುದು. ಅವರಿಗೆ ಇದು ದೂಷಣೆಯಲ್ಲ; ಮಲಗುವ ಮುನ್ನ ಅರ್ಧ ಗಂಟೆಯ ಕನ್ನಡದ ಕಥೆ ಅವರ ಕೈಯಲ್ಲಿಯೂ ಇದೆ.

ಸೇರಿಸುವ ದಿನದ ಬಗ್ಗೆ ಒಂದು ಮಾತು. ಅನೇಕ ಮನೆಗಳವರು ಗೋದಾವರೀತೀರದ ಬಾಸರದಲ್ಲಿ ಸರಸ್ವತಿಯ ಸನ್ನಿಧಿಗೆ ಹೋಗಿ ಅಕ್ಷರಾಭ್ಯಾಸ ಮಾಡಿಸುತ್ತಾರೆ. ಮಧ್ವಜಯಂತಿಯೂ ಆದ ವಿಜಯದಶಮಿಯಂದು ಮಠದಲ್ಲಿ ಅಕ್ಕಿಯ ತಟ್ಟೆಯಲ್ಲಿ ಬರೆಯಿಸುವವರೂ ಇದ್ದಾರೆ. ಅಂದು ಹಿರಿಯರು ಮಗುವನ್ನು ತೊಡೆಯ ಮೇಲೆ ಕೂರಿಸಿ, ಕೈಹಿಡಿದು ಬರೆಯಿಸುತ್ತಾರೆ. ಶಾಲೆಯ ಮೊದಲ ವಾರವೂ ಹಾಗೆಯೇ ಇರಬೇಕು. ಮಗುವಿನ ಕಣ್ಣು ತಪ್ಪಿಸಿ ಓಡಿಬರಬಾರದು. ‘ಈಗಲೇ ಬರುತ್ತೇನೆ’ ಎಂದು ಸುಳ್ಳು ಹೇಳಬಾರದು. ‘ಊಟದ ಗಂಟೆಯಾದ ಮೇಲೆ ಬರುತ್ತೇನೆ’ ಎಂದು ಹೇಳಿ, ಹೇಳಿದ ಹೊತ್ತಿಗೆ ತಪ್ಪದೆ ಗೇಟಿನಲ್ಲಿ ನಿಂತಿರಬೇಕು. ಹಿರಿಯರ ಮಾತು ನಿಜವಾಗುತ್ತದೆ ಎಂಬುದೇ ಮಗು ಶಾಲೆಯಲ್ಲಿ ಕಲಿಯುವ ಮೊದಲ ಪಾಠ. ಶ್ರದ್ಧೆಯ ಬೇರೂ ಅದೇ.

ಮಠದ ಪಾಲೂ ಇದರಲ್ಲಿದೆ. ಭಾನುವಾರ ಒಂದು ಗಂಟೆ, ಹಿರಿಯ ಮಾತೆಯರು ಸರದಿಯ ಮೇಲೆ ಮಕ್ಕಳಿಗೆ ಕನ್ನಡದಲ್ಲಿ ಕೃಷ್ಣನ ಕಥೆ ಹೇಳಿ ಒಂದು ದಾಸರ ಪದ ಕಲಿಸಿದರೆ ಸಾಕು. ಶುಲ್ಕ ಬೇಡ, ಸಮವಸ್ತ್ರ ಬೇಡ. ಪುರಂದರದಾಸರು ಸಂಗೀತದ ಪಾಠವನ್ನು ಸರಳೆಯಿಂದ ಮೊದಲಾಗಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿಕೊಟ್ಟರೆಂದು ಪರಂಪರೆ ಸ್ಮರಿಸುತ್ತದೆ. ಎಳೆಯರಿಗೆ ಮೊದಲ ಮೆಟ್ಟಿಲು ಎಷ್ಟು ಕೆಳಗಿರಬೇಕೆಂಬುದನ್ನು ಬಲ್ಲವರು ದಾಸರು. ಕುಷಾಯಿಗೂಡದ ಮಕ್ಕಳಿಗೆ ಆ ಮೆಟ್ಟಿಲು ಮನೆಯಲ್ಲಿ, ಗಲ್ಲಿಯ ಶಿಶುವಿಹಾರದಲ್ಲಿ, ಮಠದ ಜಗಲಿಯಲ್ಲಿ ಸಿಗುವಂತಾಗಲೆಂದು ಶ್ರೀಗುರುರಾಜರಲ್ಲಿ ಪ್ರಾರ್ಥನೆ.

॥ ಶ್ರೀಕೃಷ್ಣಾರ್ಪಣಮಸ್ತು ॥