ಓದದ ವರದಿ, ಕರಗುವ ನಡುನೆಲ

(ನಮ್ಮ ಬಳಗದ ವಾರ್ಷಿಕ ಸಭೆಯಲ್ಲಿ ಗ್ರಾಮಸ್ಥರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಮಲೆನಾಡಿನ ಈ ಸಭೆಯಲ್ಲಿ ನಿಪ್ಪಾಣಿಯ ಮಾತೇಕೆ ಎಂದು ನೀವು ಕೇಳಬಹುದು. ನಾನು ಅಲ್ಲಿಗೆ ಮೊದಲು ಹೋದದ್ದು ತಂಬಾಕಿನ ನೆಪದಲ್ಲಿ. ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಬೀಡಿ ತಂಬಾಕಿನ ಸಂಶೋಧನಾ ಕೇಂದ್ರ ಅಲ್ಲಿದೆ. ಎಲೆಯ ಮೇಲೆ ಕಂದು ಚುಕ್ಕೆ ಮೂಡಿದಾಗಲೇ ಬೀಡಿ ತಂಬಾಕು ಕೊಯ್ಲಿಗೆ ಬಂತೆಂದು ಲೆಕ್ಕ. ಆ ಚುಕ್ಕೆ ನೋಡಲು ಹೋದವನಿಗೆ ಬೇರೊಂದು ಸಂಗತಿ ಕಂಡಿತು. ಅದನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ, ಏಕೆಂದರೆ ಅದು ನಮ್ಮ ಊರಿಗೂ ಬಂದಿದೆ.

ನಿಪ್ಪಾಣಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕರ್ನಾಟಕದ ಕೊನೆಯ ಪಟ್ಟಣ. ಮರಾಠಿ ಮನೆಮಾತಿನವರೇ ಅಲ್ಲಿ ಹೆಚ್ಚು. 1956ರ ನವೆಂಬರ್ 1ರಂದು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದ ಊರು. ಅಂದಿನಿಂದ ಆ ಸೀಮೆಯಲ್ಲಿ ನವೆಂಬರ್ 1 ಎಂಬುದು ಕೆಲವರಿಗೆ ರಾಜ್ಯೋತ್ಸವ, ಕೆಲವರಿಗೆ ಕರಾಳ ದಿನ. ಅದೇ ಬೀದಿ, ಅದೇ ಬೆಳಗು.

ಈ ಜಗಳವನ್ನು ಬಗೆಹರಿಸಲು 1966ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರವು ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನರ ಆಯೋಗವನ್ನು ನೇಮಿಸಿತು. 1967ರ ಆಗಸ್ಟಿನಲ್ಲಿ ವರದಿ ಬಂತು. ಬೆಳಗಾವಿ ಮೈಸೂರಿನಲ್ಲೇ ಇರಲಿ. 264 ಊರುಗಳು ಮಹಾರಾಷ್ಟ್ರಕ್ಕೆ ಹೋಗಲಿ. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆಯ ಕಡೆಯ 247 ಊರುಗಳು ಮೈಸೂರಿಗೆ ಬರಲಿ. ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಕೇರಳದಿಂದ ಮೈಸೂರಿಗೆ ಸೇರಲಿ. ಸ್ಥೂಲವಾಗಿ ಇಷ್ಟು.

ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ‘ಮಹಾಜನ ವರದಿಯೇ ಅಂತಿಮ’ ಎಂಬ ಘೋಷಣೆಯನ್ನು ನೀವು ಕೇಳಿದ್ದೀರಿ, ಪ್ರಾಯಶಃ ಕೂಗಿಯೂ ಇದ್ದೀರಿ. ನಾನೂ ಕಾಲೇಜಿನ ದಿನಗಳಲ್ಲಿ ಕೂಗಿದ್ದೆ. ಮಹಾರಾಷ್ಟ್ರಕ್ಕೆ ಹೋಗಲಿ ಎಂದ ಆ 264 ಊರುಗಳ ಪಟ್ಟಿಯಲ್ಲಿ ನಿಪ್ಪಾಣಿಯೂ ಇದೆ! ವರದಿಯೇ ಅಂತಿಮವೆಂದು ನಾವು ಕೂಗಿದರೆ ನಿಪ್ಪಾಣಿಯನ್ನು ಕೊಟ್ಟೆವೆಂದು ಕೂಗಿದಂತೆ. ಅತ್ತ ಮಹಾರಾಷ್ಟ್ರವೋ, ತನಗೆ ನಿಪ್ಪಾಣಿಯನ್ನು ಕೊಡಿಸುತ್ತಿದ್ದ ವರದಿಯನ್ನೇ ಬೆಳಗಾವಿ ಸಿಗಲಿಲ್ಲವೆಂದು ತಿರಸ್ಕರಿಸಿತು. 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಒಬ್ಬರು ಓದದೆ ಅಪ್ಪಿಕೊಂಡರು, ಇನ್ನೊಬ್ಬರು ಓದದೆ ತಳ್ಳಿದರು. ಎರಡೂ ಕಡೆಗೆ ಸ್ವಲ್ಪ ಸ್ವಲ್ಪ ನೋವಾಗುವಂತೆ ಬರೆದ ಕಾಗದವನ್ನು ಎತ್ತಿ ಹಿಡಿಯುವವರು ಯಾರೂ ಉಳಿಯಲಿಲ್ಲ. ಆ ವರದಿ ಸರಿಯೋ ತಪ್ಪೋ ಎಂಬ ತೀರ್ಪು ನನ್ನದಲ್ಲ. ಅದನ್ನು ಓದಿ ತಕರಾರು ಎತ್ತುವವನಿಗೆ ಎರಡೂ ರಾಜ್ಯಗಳಲ್ಲಿ ಕುಳಿತುಕೊಳ್ಳಲು ಜಾಗವಿಲ್ಲ ಎಂಬುದಷ್ಟೇ ನನ್ನ ಮಾತು.

ಜಾಗವಿಲ್ಲದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. 2025ರ ಫೆಬ್ರವರಿಯಲ್ಲಿ, ಬೆಳಗಾವಿಯ ಹತ್ತಿರ ಬಸ್ ನಿರ್ವಾಹಕರೊಬ್ಬರ ಮೇಲೆ ಭಾಷೆಯ ಹೆಸರಿನಲ್ಲಿ ಹಲ್ಲೆಯಾಯಿತು. ಅದಕ್ಕೆ ಇಲ್ಲೊಂದು ಏಟು, ಅಲ್ಲೊಂದು ಏಟು ಬಿದ್ದು ಎರಡೂ ರಾಜ್ಯಗಳ ನಡುವಿನ ಬಸ್ಸುಗಳು ನಿಂತವು. ನಾನಿದ್ದ ಬಸ್ಸು ಕೊಗನೊಳ್ಳಿಯ ಬಳಿ ಇಳಿಸಿತು. ಜೊತೆಯಲ್ಲಿ ಇಳಿದ ಅಜ್ಜಿಯೊಬ್ಬರು ಸೆರಗಿನಲ್ಲಿ ಔಷಧದ ಚೀಟಿ ಕಟ್ಟಿಕೊಂಡಿದ್ದರು. ಮಗಳ ಬಾಣಂತನಕ್ಕೆ ಕೊಲ್ಹಾಪುರಕ್ಕೆ ಹೊರಟವರು. ನನ್ನೊಡನೆ ಕನ್ನಡ, ಫೋನಿನಲ್ಲಿ ಮಗಳೊಡನೆ ಮರಾಠಿ. ಯಾವ ರಾಜ್ಯದವರೆಂದು ಅವರನ್ನು ಕೇಳುವ ಧೈರ್ಯ ನನಗಾಗಲಿಲ್ಲ. ಸಾಮಾನು ತುಂಬಿದ ಟೆಂಪೊವೊಂದು ಅವರನ್ನು ಕಾಗಲಕ್ಕೆ ಕರೆದೊಯ್ದಿತು. 2022ರ ಡಿಸೆಂಬರಿನಲ್ಲೂ ಹೀಗೆಯೇ ಆಗಿತ್ತು: ವಾಹನಗಳಿಗೆ ಕಲ್ಲು, ಬಸ್ಸುಗಳಿಗೆ ಮಸಿ, ಅದೇ ತಿಂಗಳಲ್ಲಿ ಎರಡೂ ವಿಧಾನಮಂಡಲಗಳಲ್ಲಿ ಪರಸ್ಪರ ವಿರುದ್ಧ ಠರಾವು. ತಮ್ಮ ಪಕ್ಷದ ಠರಾವಿಗೆ ಸದನದಲ್ಲಿ ಎದ್ದುನಿಂತು ‘ತಡೆಯಿರಿ’ ಎನ್ನುವ ಶಾಸಕ ಮರುದಿನ ತನ್ನ ಊರಿಗೆ ಹೋಗುವಂತಿಲ್ಲ.

ಆ ಅಜ್ಜಿಯಂಥವರು ಅಲ್ಲಿ ಅಪರೂಪವೇನೂ ಅಲ್ಲ. ನಿಪ್ಪಾಣಿಯ ಮಕ್ಕಳು ಓದುವ ದೇವಚಂದ ಕಾಲೇಜು ಊರಿಗೆ ಅಂಟಿಕೊಂಡಂತಿರುವ ಅರ್ಜುನನಗರದಲ್ಲಿದೆ. ಅದು ಕಾಗಲ ತಾಲ್ಲೂಕು, ಮಹಾರಾಷ್ಟ್ರ. ಪದವಿ ಕೊಡುವುದು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯ. ಹುಡುಗ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ರಾಜ್ಯ ದಾಟುತ್ತಾನೆ, ಸಂಜೆ ಮರಳುತ್ತಾನೆ. ಯಾರೂ ಅದನ್ನು ಸೌಹಾರ್ದವೆಂದು ಕರೆಯುವುದಿಲ್ಲ.

ಈಗ 1981ಕ್ಕೆ ಬನ್ನಿ. ಈ ಭಾಗವನ್ನು ನಾನು ತುಸು ವಿವರವಾಗಿ ಹೇಳುತ್ತೇನೆ. ಹಿರಿಯರಲ್ಲಿ ಕೆಲವರಿಗೆ ನೆನಪಿರಬಹುದು. ಹಿಂದಿನ ವರ್ಷ ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ಗುಂಡು ಹಾರಿತ್ತು. ಆಗ ನಿಪ್ಪಾಣಿಯ ತಂಬಾಕು ಬೆಳೆಗಾರನ ಸ್ಥಿತಿ ಹೇಗಿತ್ತೆಂದರೆ, ಮಾಲು ವ್ಯಾಪಾರಿಯ ಗೋದಾಮಿಗೆ ಹೋದ ಮೇಲೆ ದರ ಗೊತ್ತಾಗುತ್ತಿತ್ತು. ಗೋದಾಮಿನ ಒಳಗೆ ತಂಬಾಕಿನ ಧೂಳು ಕುಡಿಯುತ್ತ ಕುಟ್ಟಿ, ಸೋಸುತ್ತಿದ್ದವರು ಹೆಂಗಸರು. ಪ್ರೊ. ಸುಭಾಷ್ ಜೋಶಿ ಮೊದಲಾದವರು ಈ ಹೆಂಗಸರನ್ನೂ, ಬೆಳೆಗಾರರನ್ನೂ ಸಂಘಟಿಸಿದರು. ಹೆಂಗಸರ ಆ ಹೋರಾಟವನ್ನು ‘ಯುಗಾಂತರ’ ಎಂಬ ಮಹಿಳೆಯರ ತಂಡವು 1982ರಲ್ಲಿ ಸಾಕ್ಷ್ಯಚಿತ್ರವಾಗಿ ತೆಗೆದಿದೆ. ಬೆಳೆಗಾರರ ಚಳವಳಿಗೆ ಮಹಾರಾಷ್ಟ್ರದ ಶೇತಕರಿ ಸಂಘಟನೆಯ ಶರದ್ ಜೋಶಿ ಬಂದರು. ರೈತರು ಎತ್ತಿನ ಗಾಡಿ, ಒಲೆ, ಪಾತ್ರೆಗಳೊಂದಿಗೆ ಹೆದ್ದಾರಿಯಲ್ಲೇ ಬಿಡಾರ ಹೂಡಿದರು. ಏಪ್ರಿಲಿನಲ್ಲಿ ಪೊಲೀಸರು ಗುಂಡು ಹಾರಿಸಿದರು. ಹಲವು ರೈತರು ಸತ್ತರು. ಗುಂಡೂರಾಯರ ಸರಕಾರದ ಕಾಲ.

ಯೋಚಿಸಿ. ಬಹುಪಾಲು ಮರಾಠಿ ಮಾತಿನ ರೈತರು, ಕರ್ನಾಟಕದ ಪೊಲೀಸರು, ಮಹಾರಾಷ್ಟ್ರದಿಂದ ಬಂದ ಮುಂದಾಳು. ಗಡಿಯ ಜಗಳಕ್ಕೆ ಇದಕ್ಕಿಂತ ಒಣ ಸೌದೆ ಬೇಕೆ? ಆದರೂ ಆ ಹೆದ್ದಾರಿಯ ಮೇಲಿನ ಬೇಡಿಕೆ ಕಿಲೋ ತಂಬಾಕಿನ ದರದ ಬಗೆಗಿತ್ತು. ಕನ್ನಡ ರೈತನೂ ಮರಾಠಿ ರೈತನೂ ಅದೇ ಗೋದಾಮಿನ ಮುಂದೆ ನಿಂತವರಾದ್ದರಿಂದ ಅವರನ್ನು ಒಡೆಯುವುದು ಸುಲಭವಿರಲಿಲ್ಲ. ಅವರು ಸೌಮ್ಯರೂ ಆಗಿರಲಿಲ್ಲ. ಹೆದ್ದಾರಿ ಕಟ್ಟಿದವರನ್ನು ಸೌಮ್ಯರೆನ್ನಲಾದೀತೆ? ಮಧ್ಯಮ ಮಾರ್ಗವೆಂದರೆ ಸಪ್ಪೆ ಮಾತು ಎಂದು ತಿಳಿದವರು ಇದನ್ನು ಗಮನಿಸಬೇಕು. ತಮ್ಮ ಸಿಟ್ಟು ಯಾವುದರ ಮೇಲೆ ಎಂಬುದನ್ನು ಅವರೇ ನಿರ್ಧರಿಸಿದ್ದರು, ಅಷ್ಟೆ.

ಆಮೇಲೆ ನೀರು ಬಂತು, ಕಬ್ಬು ಬಂತು, ತಂಬಾಕಿನ ಹೊಲ ಕಿರಿದಾಯಿತು. ಆರೋಗ್ಯದ ದೃಷ್ಟಿಯಿಂದ ಒಳ್ಳೆಯದೇ. ಆದರೆ ಕಬ್ಬಿನವನು ಕಾರ್ಖಾನೆಯ ಸದಸ್ಯ, ಕಾರ್ಖಾನೆ ಒಬ್ಬ ನಾಯಕನದು, ನಾಯಕ ಒಂದು ಪಕ್ಷದವನು. ಇಬ್ಬರು ರೈತರು ಒಟ್ಟಿಗೆ ನಿಲ್ಲುವ ಬಾಗಿಲು ಕಡಿಮೆಯಾಯಿತು. ಇದು ನನ್ನ ಅನಿಸಿಕೆ. ಅಲ್ಲಗಳೆಯುವವರಿದ್ದರೆ ಸಭೆಯ ನಂತರ ಮಾತನಾಡೋಣ.

ನಮ್ಮ ಕಡೆ ಇದಕ್ಕೆ ಒಂದು ಹೆಸರೇ ಇದೆ: ಸೊಪ್ಪಿನ ಬೆಟ್ಟ. ಅದು ತೋಟವೂ ಅಲ್ಲ, ಕಾಡೂ ಅಲ್ಲ. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವೆಂದು ಹಿಂದಿನವರು ಸುಮ್ಮನೆ ಗೊತ್ತು ಮಾಡಲಿಲ್ಲ. ರೈತನೂ ಅರಣ್ಯ ಇಲಾಖೆಯೂ ಮುಖಾಮುಖಿಯಾಗದೆ ಇರಲು ಆ ನಡುನೆಲ ಬೇಕಿತ್ತು. ಬೆಟ್ಟ ಬೋಳಾದ ಊರಿನಲ್ಲಿ ತೋಟದ ಬೇಲಿಗೇ ಕಾಡು, ಬೇಲಿಗೇ ಮೊಕದ್ದಮೆ.

ಗಾಡ್ಗೀಳ್ ವರದಿ ಬಂದಾಗ ನಮಗೂ ನಿಪ್ಪಾಣಿಯ ಗತಿಯೇ ಆಯಿತು. 2011ರಲ್ಲಿ ಸಲ್ಲಿಕೆಯಾದ ಅದನ್ನು ಸರಕಾರ ಮುಚ್ಚಿಟ್ಟುಕೊಂಡು, ಮಾಹಿತಿ ಆಯೋಗದ ಆದೇಶದ ನಂತರ 2012ರಲ್ಲಿ ಬಹಿರಂಗಪಡಿಸಿತು. ಗ್ರಾಮಸಭೆಗಳು ಚರ್ಚಿಸಿ ತೀರ್ಮಾನಿಸಲಿ ಎಂಬುದು ಅದರ ತಿರುಳು. 2013ರ ಕಸ್ತೂರಿರಂಗನ್ ವರದಿ ಬೇರೆ ದಾರಿ ಹಿಡಿದು, ಶೇ. 20 ಅಥವಾ ಹೆಚ್ಚು ಭಾಗ ಪರಿಸರಸೂಕ್ಷ್ಮವಾಗಿದ್ದ ಊರನ್ನು ಪೂರ್ತಿಯಾಗಿ ಪಟ್ಟಿಗೆ ಸೇರಿಸಿತು. ಉಪಗ್ರಹದ ಚಿತ್ರದಲ್ಲಿ ಅಡಿಕೆ ತೋಟವೂ ಕಾಡಾಗಿ ಕಂಡಿತೆಂಬ ದೂರು ಎದ್ದಿತು. ಇವೆರಡೂ ಒಂದೇ ಎಂದು ಊರಲ್ಲಿ ಹಬ್ಬಿತು. ಬೇಡವೆಂದವರನ್ನು ನಾವು ಕಾಡುಗಳ್ಳರೆಂದೆವು. ಬೇಕೆಂದ ನಮ್ಮನ್ನು ಅವರು ಒಕ್ಕಲೆಬ್ಬಿಸುವವರೆಂದರು.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯಿದೆ. ಆ ದಿನಗಳಲ್ಲಿ ಒಂದು ಗ್ರಾಮಸಭೆಯಲ್ಲಿ ನಾನು ವರದಿಯ ಪರವಾಗಿ ಮುಕ್ಕಾಲು ಗಂಟೆ ಮಾತನಾಡಿದೆ. ಹಿಂದಿನ ಸಾಲಿನಲ್ಲಿದ್ದ ಒಬ್ಬ ರೈತರು ಎದ್ದು, ‘ಡಾಕ್ಟರೇ, ಪಟ್ಟಿಯಲ್ಲಿ ನಮ್ಮ ಸರ್ವೆ ನಂಬರಿನ ಗದ್ದೆ ಬರುತ್ತದೋ, ಊರು ಪೂರ್ತಿ ಬರುತ್ತದೋ?’ ಎಂದು ಕೇಳಿದರು. ನಾನು ಪಟ್ಟಿ ನೋಡಿರಲಿಲ್ಲ. ನೋಡಿಲ್ಲವೆಂದು ಹೇಳುವ ಬದಲು, ವಿರೋಧಿಸುವವರ ಹಿಂದೆ ಗಣಿಯವರ ಹಣವಿದೆ ಎಂದುಬಿಟ್ಟೆ. ಅವರು ಮರುಮಾತಾಡದೆ ಕುಳಿತರು. ಮುಂದೆ ಅವರು ನಮ್ಮ ಯಾವ ಸಭೆಗೂ ಬರಲಿಲ್ಲ. ಸಸಿ ನೆಡುವ ದಿನ ತಪ್ಪದೆ ಬರುತ್ತಿದ್ದವರು! ಅವರನ್ನು ಆಚೆಯ ಪಾಳೆಯಕ್ಕೆ ದೂಡಿದವನು ನಾನೇ.

ನಿಪ್ಪಾಣಿಯ ಕಡೆಗೆ ಮತ್ತೊಮ್ಮೆ ತಿರುಗಿ ಮುಗಿಸುತ್ತೇನೆ. ಅಲ್ಲಿಗೆ ಹರಿದು ಬರುವ ವೇದಗಂಗಾ, ದೂಧಗಂಗಾ ಎರಡೂ ಕೊಲ್ಹಾಪುರ ಜಿಲ್ಲೆಯ ಸಹ್ಯಾದ್ರಿಯಲ್ಲಿ ಹುಟ್ಟುತ್ತವೆ. ದೂಧಗಂಗೆಗೆ ಕಾಳಮ್ಮವಾಡಿಯಲ್ಲಿ ಕಟ್ಟಿದ ಅಣೆಕಟ್ಟಿನ ನೀರಿನಲ್ಲಿ ಎರಡೂ ರಾಜ್ಯಗಳಿಗೆ ಪಾಲಿದೆ. 2019ರ ನೆರೆಯಲ್ಲಿ ಯಮಗರ್ಣಿಯ ಬಳಿ ವೇದಗಂಗೆ ಹೆದ್ದಾರಿಯನ್ನೇ ಮುಳುಗಿಸಿತು. ಆಲಮಟ್ಟಿಯಿಂದಲೇ ನೆರೆ ಎಂದು ಅವರು, ಮೇಲಿನಿಂದ ಒಮ್ಮೆಲೇ ಬಿಟ್ಟರೆಂದು ನಾವು. 2021ರ ಜೂನಿನಲ್ಲಿ ಮಹಾರಾಷ್ಟ್ರದ ಜಲಸಂಪನ್ಮೂಲ ಸಚಿವ ಜಯಂತ ಪಾಟೀಲರು ಬೆಂಗಳೂರಿಗೆ ಬಂದು ಮುಖ್ಯಮಂತ್ರಿ ಯಡಿಯೂರಪ್ಪನವರೊಡನೆ ಕುಳಿತು, ನೀರು ಬಿಡುವ ಲೆಕ್ಕವನ್ನು ಹಂಚಿಕೊಳ್ಳುವ ಮಾತಾಡಿದರು. ಮರುತಿಂಗಳು ಯಮಗರ್ಣಿಯಲ್ಲಿ ಮತ್ತೆ ರಸ್ತೆಯ ಮೇಲೆ ನೀರು ಬಂತು. ಲೆಕ್ಕ ಹಂಚಿಕೊಂಡ ಮಾತ್ರಕ್ಕೆ ಮಳೆ ನಿಲ್ಲುವುದಿಲ್ಲ. ಆದರೆ ಗಡಿ ಯಾರದೆಂಬುದು ಕೋರ್ಟಿನಲ್ಲಿರುವಾಗಲೇ, ಈ ರಾತ್ರಿ ಎಷ್ಟು ಕ್ಯೂಸೆಕ್ ಎಂಬುದನ್ನು ಕೇಳಲು ಸಾಧ್ಯವಿದೆಯೆಂದು ಎರಡೂ ಕಡೆಯವರು ಒಪ್ಪಿದ್ದರು.

ನಮ್ಮ ವಾಚನಾಲಯದಲ್ಲಿ ಎರಡೂ ವರದಿಗಳ ಪ್ರತಿಗಳನ್ನೂ, ನಮ್ಮ ತಾಲ್ಲೂಕಿನ ಊರುಗಳ ಪಟ್ಟಿಯನ್ನೂ ಇಟ್ಟಿದ್ದೇವೆ. ಬರುವ ಭಾನುವಾರ ಹತ್ತು ಗಂಟೆಗೆ ಪಟ್ಟಿಯನ್ನು ಗಟ್ಟಿಯಾಗಿ ಓದುವುದು. ವಿದ್ಯಾರ್ಥಿಗಳು ಕನ್ನಡದಲ್ಲಿ ವಿವರಿಸಲಿ. ಸರ್ವೆ ನಕ್ಷೆ ಇದ್ದವರು ತನ್ನಿ. ಆ ರೈತರ ಮನೆಗೆ ನಾನು ಶನಿವಾರ ಹೋಗುತ್ತೇನೆ. ಅವರು ಬರುತ್ತಾರೋ ಇಲ್ಲವೋ ತಿಳಿಯದು.